ಪಲ್ಲಕ್ಕಿಗೆ ಬೆನ್ನು ಮಾಡಿ ನಿಂತವರು



ಸಂಕ್ರಾಂತಿಯ ದಿನ ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಮೈಲಾರಲಿಂಗೇಶ್ವರನ ಪಲ್ಲಕ್ಕಿ ಹೊರಟಿತೆಂದರೆ ಊರಿನ ಗಾಳಿಗೇ ಹಳದಿ ಬಣ್ಣ ಹತ್ತುತ್ತದೆ. ಭಂಡಾರದ ಪುಡಿ ಗುಡ್ಡದ ಬಂಡೆಗಳ ಮೇಲೆ, ಮಾಳಿಗೆಗಳ ಮೇಲೆ, ಹೆಗಲೇರಿದ ಕೂಸುಗಳ ನೆತ್ತಿಯ ಮೇಲೆ ಕೂರುತ್ತದೆ. ಕಲಬುರಗಿ, ರಾಯಚೂರು ಸೀಮೆಯವರಷ್ಟೇ ಅಲ್ಲ, ತೆಲಂಗಾಣ, ಆಂಧ್ರ, ಮಹಾರಾಷ್ಟ್ರದಿಂದ ಬಂದ ಭಕ್ತರೂ ಅಲ್ಲಿರುತ್ತಾರೆ. ಅಷ್ಟೂ ಜನರ ಕಣ್ಣು ಪಲ್ಲಕ್ಕಿಯ ಕಡೆ. ಖಾಕಿ ತೊಟ್ಟ ಒಂದು ಸಾಲು ಮಾತ್ರ ಪಲ್ಲಕ್ಕಿಗೆ ಬೆನ್ನು ಮಾಡಿ, ಜನರ ಕಡೆ ಮುಖ ಮಾಡಿ ನಿಂತಿರುತ್ತದೆ. ಬಂದೋಬಸ್ತಿಗೆ ಬಂದ ಪೊಲೀಸರಿಗೆ ಜಾತ್ರೆ ಕಾಣುವುದೇ ಹೀಗೆ. ದೇವರು ಕಾಣುವುದಿಲ್ಲ, ದೇವರನ್ನು ಕಂಡವರ ಮುಖ ಕಾಣುತ್ತದೆ. ಯಾರ ಕಾಲು ತಡವರಿಸಿತು, ಯಾವ ಮಗುವಿನ ಕೈ ತಾಯಿಯ ಸೆರಗಿನಿಂದ ಜಾರಿತು, ನೂಕು ಯಾವ ಮೂಲೆಯಿಂದ ಶುರುವಾಯಿತು ಎಂಬುದೆಲ್ಲ ಮೊದಲು ತಿಳಿಯುವುದು ಆ ಮುಖಗಳಲ್ಲೇ.

ಮೈಲಾಪುರದ ಬಂದೋಬಸ್ತಿಗೆ ಇನ್ನೊಂದು ವಿಶೇಷವಿದೆ. ಪಲ್ಲಕ್ಕಿಯ ಮೇಲೆ ಹರಕೆಯ ಕುರಿಮರಿ ಎಸೆಯುವ ಪದ್ಧತಿ ಇಲ್ಲಿ ಬಹುಕಾಲದಿಂದ ನಡೆದುಬಂದಿತ್ತು. ಕುರಿ ಹಿಂಡಿಗೆ ರೋಗ ತಾಗದಿರಲಿ, ಮನೆಯಲ್ಲಿ ತೊಟ್ಟಿಲು ತೂಗಲಿ ಎಂದು ಬೇಡಿಕೊಂಡವರು ಮರಿಯನ್ನೇ ಮಲ್ಲಯ್ಯನಿಗೆ, ಅಂದರೆ ಮೈಲಾರಲಿಂಗೇಶ್ವರನಿಗೆ, ಒಪ್ಪಿಸುತ್ತಿದ್ದರು. ಹಾಗೆ ಎಸೆದ ಮರಿಗಳು ಕಾಲ್ತುಳಿತಕ್ಕೆ ಸಿಕ್ಕಿ ಸಾಯುತ್ತಿದ್ದವು, ಅವುಗಳನ್ನು ಹಿಡಿಯಲು ನುಗ್ಗಿದ ಜನರಿಗೂ ಪೆಟ್ಟಾಗುತ್ತಿತ್ತು. ಜಿಲ್ಲಾಡಳಿತ ಇದನ್ನು ನಿಷೇಧಿಸಿತು. ಪ್ರಾಣಿಹಿಂಸೆ ತಡೆಯುವ 1960ರ ಕೇಂದ್ರ ಕಾಯ್ದೆಯೂ ಪ್ರಾಣಿಬಲಿ ತಡೆಯುವ 1959ರ ರಾಜ್ಯ ಕಾಯ್ದೆಯೂ ಮೊದಲೇ ಇದ್ದವು. ಕಾಗದದ ಮೇಲಿನ ನಿಷೇಧ ಜಾತ್ರೆಯ ಮಣ್ಣಿಗಿಳಿಯಬೇಕಾದರೆ ಮೈಲಾಪುರಕ್ಕೆ ಬರುವ ದಾರಿಗಳಲ್ಲಿ ಯಾರಾದರೂ ನಿಲ್ಲಬೇಕು. ಅದಕ್ಕಾಗಿ ಜಾತ್ರೆಗೆ ಮುಂಚೆಯೇ ಚೆಕ್‌ಪೋಸ್ಟ್‌ಗಳು ಏಳುತ್ತವೆ. ಪೊಲೀಸರ ಜತೆಗೆ ಕಂದಾಯ ಇಲಾಖೆಯವರು, ಪಶುಸಂಗೋಪನಾ ಇಲಾಖೆಯವರು ಅಲ್ಲಿರುತ್ತಾರೆ. ಕ್ರೂಸರ್, ಟಂಟಂ, ಟ್ರ್ಯಾಕ್ಟರ್, ಬೈಕ್, ಯಾವುದು ಬಂದರೂ ನಿಲ್ಲಿಸಿ ನೋಡುತ್ತಾರೆ. ಕಂಬಳಿಯ ಮಡಿಕೆಯಲ್ಲಿ, ಚೀಲದಲ್ಲಿ, ಸೀರೆಯ ಸೆರಗಿನ ಕೆಳಗೆ ಮರಿಗಳು ಸಿಗುತ್ತವೆ. ವಶಕ್ಕೆ ಪಡೆದ ಮರಿಗಳ ಸಂಖ್ಯೆ ನೂರುಗಳಲ್ಲಿ ಏರುತ್ತದೆ. ಆಮೇಲೆ ಅವು ಹರಾಜಿಗೆ ಹೋಗುತ್ತವೆ.

ಚೆಕ್‌ಪೋಸ್ಟಿನಲ್ಲಿ ನಿಂತ ಕಾನ್‌ಸ್ಟೇಬಲ್‌ನ ಕೆಲಸ ಸುಲಭದ್ದಲ್ಲ. ಎದುರಿಗಿರುವವನು ಕಳ್ಳನಲ್ಲ. ನಾಲ್ಕು ತಾಸು ದಾರಿ ಸವೆಸಿ, ಮಗ ಬದುಕಿದನೆಂಬ ಕೃತಜ್ಞತೆಯಲ್ಲಿ ಬಂದ ಮುದುಕ. ‘ಹರಕಿ ಐತ್ರಿ ಸಾಹೇಬ್ರ, ಇದೊಂದು ಸಲ ಬಿಡ್ರಿ’ ಎಂಬ ಧಾಟಿಯ ಮಾತಿಗೆ ಲಾಠಿ ಉತ್ತರವಾಗಲಾರದು. ‘ಕಾಕಾ, ಮಲ್ಲಯ್ಯಗ ಭಂಡಾರ ಹಾರಸ್ರಿ, ಕೈ ಮುಗೀರಿ, ಮರಿ ಮಾತ್ರ ಇಲ್ಲೇ ಬಿಡ್ರಿ’ ಎಂದು ಹೇಳಬಲ್ಲ ಸ್ಥಳೀಯ ಪೊಲೀಸನೇ ಅಲ್ಲಿ ಬೇಕು. ಹೊರ ಜಿಲ್ಲೆಯಿಂದ ಬಂದ ತುಕಡಿಗೆ ಸಂಖ್ಯೆಯ ಬಲವಿರುತ್ತದೆ, ಈ ಮಾತಿನ ಬಲವಿರುವುದಿಲ್ಲ. ಒಂದು ಆಚರಣೆಯ ಹಿಂಸೆಯ ಭಾಗವನ್ನು ತೆಗೆದು ಭಕ್ತಿಯ ಭಾಗವನ್ನು ಉಳಿಸಿಕೊಡುವ ಈ ಕೆಲಸಕ್ಕೆ ಅಪರಾಧ ತಡೆಯುವ ಕೆಲಸಕ್ಕಿಂತ ಹೆಚ್ಚು ತಾಳ್ಮೆ ಬೇಕು.

ಅದೇ ಸಂಕ್ರಾಂತಿಯಂದು ಜಿಲ್ಲೆಯ ಇನ್ನೊಂದು ದಿಕ್ಕಿನಲ್ಲಿ ಇನ್ನಷ್ಟು ಪಲ್ಲಕ್ಕಿಗಳು ಹೊರಟಿರುತ್ತವೆ. ಶಹಾಪುರದ ದಿಗ್ಗಿ ಸಂಗಮೇಶ್ವರ, ಭೀಮರಾಯನಗುಡಿಯ ಬಲಭೀಮೇಶ್ವರ ಪಲ್ಲಕ್ಕಿಗಳು ಹುರಸಗುಂಡಗಿಯ ಹತ್ತಿರ ಭೀಮಾ ನದಿಗೆ ಗಂಗಾಸ್ನಾನಕ್ಕೆ ಹೋಗಿ ಬರುತ್ತವೆ. ದಾರಿಯುದ್ದಕ್ಕೂ ಜನ. ಮೈಲಾಪುರದಲ್ಲಿ ಹೊನ್ನಕೆರೆಯ ದಂಡೆ, ಇಲ್ಲಿ ಭೀಮೆಯ ದಂಡೆ. ಎರಡು ಕಡೆಯೂ ನೀರು, ಎರಡು ಕಡೆಯೂ ನೂಕುನುಗ್ಗಲು. ಒಂದೇ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿ ಒಂದೇ ದಿನ ಎರಡೂ ಕಡೆ ಜನ ಹಂಚಬೇಕು. ಠಾಣೆಗಳನ್ನು ಖಾಲಿ ಬಿಡುವ ಹಾಗೂ ಇಲ್ಲ, ಏಕೆಂದರೆ ಹಬ್ಬವೆಂದು ಕಳ್ಳತನಕ್ಕೇನೂ ರಜೆಯಿಲ್ಲ. ಆದ್ದರಿಂದಲೇ ಜಿಲ್ಲಾ ಸಶಸ್ತ್ರ ಮೀಸಲು ಪಡೆ, ಅಂದರೆ ಡಿಎಆರ್, ರಾಜ್ಯ ಮೀಸಲು ಪೊಲೀಸ್ ಪಡೆಯ ತುಕಡಿಗಳು, ಅಗತ್ಯಬಿದ್ದರೆ ನೆರೆ ಜಿಲ್ಲೆಯ ಸಿಬ್ಬಂದಿ ಎಲ್ಲ ಸೇರಿಕೊಳ್ಳುವುದು. 1962ರ ಕಾಯ್ದೆಯಡಿ ಹುಟ್ಟಿದ ಗೃಹರಕ್ಷಕ ದಳವನ್ನೂ ಮರೆಯುವಂತಿಲ್ಲ. ಹೋಂಗಾರ್ಡ್ ಎಂದು ಎಲ್ಲರೂ ಕರೆಯುವ ಇವರು ಬೆಳಿಗ್ಗೆ ಅಂಗಡಿಯಲ್ಲೋ ಹೊಲದಲ್ಲೋ ದುಡಿದು, ಕರೆ ಬಂದಾಗ ಸಮವಸ್ತ್ರ ತೊಟ್ಟು ಬರುತ್ತಾರೆ.

‘ಬಂದೋಬಸ್ತ್’ ಎಂಬ ಮಾತು ಪಾರಸಿಯಿಂದ ಬಂದದ್ದು. ಕಟ್ಟುವುದು, ಬಿಗಿಯುವುದು ಎಂಬ ಅರ್ಥದ ಎರಡು ಪದಗಳು ಕೂಡಿ ಆದದ್ದು. ಬಹಮನಿಗಳು, ಆದಿಲ್‌ಶಾಹಿಗಳು, ನಿಜಾಮರು ಆಳಿದ ಈ ಸೀಮೆಯಲ್ಲಿ ಅದು ಮನೆಮಾತಾಗಿ ಬಹಳ ಕಾಲವಾಯಿತು. ಮದುವೆಗೆ ಊಟದ ಬಂದೋಬಸ್ತು, ಮಳೆಗಾಲಕ್ಕೆ ಮಾಳಿಗೆಯ ಬಂದೋಬಸ್ತು ಎಂದು ಹಿರಿಯರು ಈಗಲೂ ಹೇಳುತ್ತಾರೆ. ಅಲ್ಲಿ ಆ ಮಾತಿಗೆ ಮುಂಚಿತವಾಗಿ ಮಾಡಿಕೊಂಡ ತಯಾರಿ ಎಂದೇ ಅರ್ಥ. ಪೊಲೀಸರ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ಕಣ್ಣಿಗೆ ಲಾಠಿ, ಬ್ಯಾರಿಕೇಡ್, ವ್ಯಾನು ಕಾಣುತ್ತವೆ. ಊಟದ ಬಂದೋಬಸ್ತಿನಲ್ಲಿ ಯಾರೂ ಕಾಣದ ಹಿಂದಿನ ರಾತ್ರಿಯ ದುಡಿಮೆ ಇರುವಂತೆ, ಜಾತ್ರೆಯ ಬಂದೋಬಸ್ತಿನಲ್ಲೂ ಅದೇ ಮುಖ್ಯ.

ಆ ದುಡಿಮೆಯನ್ನು ತಿಳಿಯಬೇಕಾದರೆ ಅಧಿಕಾರದ ಹಂಚಿಕೆಯನ್ನು ಸ್ವಲ್ಪ ನೋಡಬೇಕು. ಅಮೆರಿಕದಲ್ಲಿ ಎಷ್ಟೋ ಊರುಗಳಿಗೆ ತಮ್ಮದೇ ಪೊಲೀಸ್ ಇಲಾಖೆಯಿದೆ. ದೊಡ್ಡ ಮೆರವಣಿಗೆಗೆ ಅವರ ಬಲ ಸಾಲದಿದ್ದಾಗ ರಾಜ್ಯದ ಪೊಲೀಸರನ್ನು ನೆರವಿಗೆ ಕರೆಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪೊಲೀಸ್ ರಾಜ್ಯದ ವಿಷಯ. ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಊರುಗಳಿಗೆ ನಗರಸಭೆಯಿದೆ, ನಗರಸಭೆಗೆ ಪೊಲೀಸರಿಲ್ಲ. ಯಾದಗಿರಿಯ ಸುಭಾಷ್ ವೃತ್ತದಲ್ಲಿ ಕೈ ಎತ್ತಿ ನಿಂತ ಕಾನ್‌ಸ್ಟೇಬಲ್ ರಾಜ್ಯ ಸರ್ಕಾರದ ನೌಕರ, 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಕೆಲಸ ಮಾಡುವವನು. ಆದರೆ ಅವನು ನಿಂತ ರಸ್ತೆ, ರಸ್ತೆಯ ಬೀದಿದೀಪ, ಬದಿಯ ಚರಂಡಿ, ವಾಹನ ನಿಲ್ಲಿಸುವ ಜಾಗ ಇವು ಅವನವಲ್ಲ. 74ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಕೊಡಬಹುದಾದ 18 ವಿಷಯಗಳಿವೆ. ಅದರಲ್ಲಿ ರಸ್ತೆ ಇದೆ, ಬೀದಿದೀಪ ಇದೆ, ವಾಹನ ನಿಲುಗಡೆಯ ತಾಣವೂ ಬಸ್ ನಿಲ್ದಾಣವೂ ಇವೆ. ಪೊಲೀಸ್ ಇಲ್ಲ.

ಇದು ಕಾನೂನಿನ ಒಣ ವಿವರ ಎನಿಸಬಹುದು. ಸಂತೆಯ ದಿನ ಪೇಟೆ ರಸ್ತೆಯಲ್ಲಿ ಸಿಕ್ಕಿಬಿದ್ದವರಿಗೆ ಇದರ ಬಿಸಿ ಗೊತ್ತು. ಬೈಕ್ ನಿಲ್ಲಿಸಲು ಜಾಗ ಗುರುತಿಸದಿದ್ದರೆ ಬೈಕ್ ರಸ್ತೆಯ ಮೇಲೇ ನಿಲ್ಲುತ್ತದೆ. ತಳ್ಳುಗಾಡಿಗಳಿಗೆ ಬೇರೆ ಸ್ಥಳ ಕೊಡದಿದ್ದರೆ ಅವೂ ಅಲ್ಲೇ ನಿಲ್ಲುತ್ತವೆ. ಉಳಿದ ಹತ್ತಡಿಯಲ್ಲಿ ಬಸ್ಸು, ಟಂಟಂ, ಆಂಬುಲೆನ್ಸ್ ಎಲ್ಲ ಹಾಯಬೇಕು. ಜನ ಬೈಯುವುದು ಸೀಟಿ ಊದುತ್ತ ನಿಂತ ಪೊಲೀಸನನ್ನು. ಅವನು ದಂಡ ಹಾಕಬಲ್ಲ, ಜಾಗ ಹುಟ್ಟಿಸಲಾರ. ಪೊಲೀಸರೂ ನಗರಸಭೆಯೂ ಒಟ್ಟಿಗೆ ನಿಂತು ಪೇಟೆಯನ್ನು ನಡೆದು ನೋಡಿ, ಇಲ್ಲಿ ಬಿಳಿ ಗೆರೆ, ಇಲ್ಲಿ ಏಕಮುಖ ಸಂಚಾರ, ಇಲ್ಲಿ ತರಕಾರಿ ಗಾಡಿ ಎಂದು ತೀರ್ಮಾನಿಸಿದ ದಿನವೇ ಊರಿನ ಸಂಚಾರ ಸುಧಾರಿಸುವುದು. ದಂಡದ ರಸೀದಿ ಪುಸ್ತಕದಿಂದ ಆ ಕೆಲಸ ಆಗದು.

ಶಹಾಪುರದ ಕತೆಯಲ್ಲಿ ಇನ್ನೊಂದು ತೊಡಕಿದೆ. ಜೇವರ್ಗಿಯಿಂದ ಹೊರಟು ಶಹಾಪುರ, ಸುರಪುರ ಹಾಯ್ದು ತಿಂಥಣಿಯಲ್ಲಿ ಕೃಷ್ಣೆಯನ್ನು ದಾಟಿ ಲಿಂಗಸುಗೂರಿನತ್ತ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ದೂರದ ಲಾರಿಗಳ ದಾರಿ. ಅದೇ ಹೆದ್ದಾರಿ ಊರಿನ ಶಾಲಾ ಮಕ್ಕಳ ದಾರಿಯೂ ಹೌದು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಭಾಗದಲ್ಲಿ ಭತ್ತ, ಹತ್ತಿ ಹೆಚ್ಚಿದವು. ಹತ್ತಿ ಬಿಡಿಸುವ ಕಾಲ ಬಂತೆಂದರೆ ಬೆಳಗಿನ ಜಾವದಲ್ಲೇ ಟಂಟಂಗಳಲ್ಲಿ ಹೆಣ್ಣುಮಕ್ಕಳು ಒಬ್ಬರ ಮಡಿಲಲ್ಲಿ ಒಬ್ಬರಂತೆ ಕೂತು ಹೊಲಕ್ಕೆ ಹೊರಡುತ್ತಾರೆ. ಸಂಜೆಗೆ ಹತ್ತಿ ಹೇರಿದ ಟ್ರ್ಯಾಕ್ಟರುಗಳು ಮಿಲ್ಲಿನ ಕಡೆ ಬರುತ್ತವೆ. ಟ್ರಾಲಿಯ ಎರಡೂ ಬದಿಗೆ ಹತ್ತಿ ಉಬ್ಬಿಕೊಂಡಿರುತ್ತದೆ, ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಕತ್ತಲಾದ ಮೇಲೆ ಹಿಂದಿನಿಂದ ಬರುವ ಬೈಕಿನವನಿಗೆ ಅದು ಕಾಣುವುದು ಎದೆಗೆ ತಾಗಿದಾಗಲೇ. ಪೊಲೀಸರು ಟ್ರಾಲಿಗಳ ಬೆನ್ನಿಗೆ ಕೆಂಪು ರೇಡಿಯಂ ಪಟ್ಟಿ ಅಂಟಿಸುವ ಅಭಿಯಾನ ನಡೆಸುವುದನ್ನು ರಾಜ್ಯದ ಅನೇಕ ಕಡೆ ಕಾಣಬಹುದು. ಖರ್ಚು ನೋಡಿದರೆ ಏನೂ ಅಲ್ಲ. ಕೃಷಿ ಮಾರುಕಟ್ಟೆಯ ಗೇಟಿನಲ್ಲಿ, ಹತ್ತಿ ಮಿಲ್ಲಿನ ತೂಕದ ಕಟ್ಟೆಯಲ್ಲಿ ಒಂದು ಮಧ್ಯಾಹ್ನ ನಿಂತರೆ ನೂರಾರು ಟ್ರಾಲಿಗಳಿಗೆ ಅಂಟಿಸಿ ಮುಗಿಸಬಹುದು. ಪಟ್ಟಿ ಹಚ್ಚದ ಟ್ರಾಲಿಯಿಂದ ಮಾಲು ಇಳಿಸುವುದಿಲ್ಲ ಎಂದು ವರ್ತಕರು ಒಂದು ಮಾತು ಆಡಿದರೆ ಪೊಲೀಸರು ಬೇಡುವ ಅಗತ್ಯವೂ ಬೀಳುವುದಿಲ್ಲ.

ಸುರಪುರಕ್ಕೆ ಬಂದರೆ ನೆಲವೇ ಬೇರೆ. ಗುಡ್ಡಗಳ ನಡುವೆ ನಾಯಕ ಅರಸರು ಕಟ್ಟಿದ ಊರು ಅದು. ವೈರಿ ಸುಲಭವಾಗಿ ನುಗ್ಗಬಾರದೆಂದು ಆಯ್ದ ಜಾಗ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತದ್ದು ಇದೇ ಗುಡ್ಡಗಳ ಬಲದಿಂದ. ಅಂದು ಸೇನೆಗೆ ಕಷ್ಟವಾಗಿದ್ದ ಏರು, ತಿರುವು, ಇಕ್ಕಟ್ಟು ಇಂದು ಅಗ್ನಿಶಾಮಕ ವಾಹನಕ್ಕೂ ಆಂಬುಲೆನ್ಸಿಗೂ ಕಷ್ಟ. ಕೃಷ್ಣಾಷ್ಟಮಿಯ ಸುತ್ತಿನ ದಿನಗಳಲ್ಲಿ ವೇಣುಗೋಪಾಲಸ್ವಾಮಿ ಜಾತ್ರೆ ಬಂದಾಗ ಈ ಊರಿಗೆ ಸುತ್ತಲ ಹಳ್ಳಿಗಳೆಲ್ಲ ಬಂದು ಇಳಿಯುತ್ತವೆ. ಹಾಲೋಕುಳಿ ಮತ್ತು ದೇವರಗಂಬ ಏರುವ ಆಟ ಅಲ್ಲಿಯ ಆಕರ್ಷಣೆ. ಎತ್ತರದ ನುಣುಪು ಕಂಬಗಳನ್ನು ತರುಣರು ಒಬ್ಬರ ಹೆಗಲ ಮೇಲೊಬ್ಬರು ಕಾಲಿಟ್ಟು ಏರುತ್ತಾರೆ, ಮೇಲಿನಿಂದ ನೀರು ಸುರಿಯುತ್ತದೆ. ಜಾರುತ್ತಾರೆ, ಮತ್ತೆ ಏರುತ್ತಾರೆ. ನೋಡುವವರು ಒಂದೊಂದು ಹೆಜ್ಜೆ ಮುಂದೆ ಸರಿಯುತ್ತ ಕಂಬದ ಬುಡಕ್ಕೇ ಬಂದುಬಿಡುತ್ತಾರೆ. ಮೇಲಿನಿಂದ ಬೀಳುವವನಿಗೆ ಬೀಳಲು ಜಾಗ ಬೇಕಲ್ಲ! ಆ ಜಾಗವನ್ನು ಹಗ್ಗ ಹಿಡಿದು ಕಾಯುವುದೇ ಅಲ್ಲಿನ ಬಂದೋಬಸ್ತು. ಊರ ಪೈಲ್ವಾನರು, ತರುಣ ಸಂಘದವರು ಪೊಲೀಸರ ಪಕ್ಕದಲ್ಲೇ ಹಗ್ಗ ಹಿಡಿದರೆ ಅದು ಗಟ್ಟಿಯಾಗುತ್ತದೆ. ‘ಹಿಂದ ಸರಿಯೋ ತಮ್ಮಾ’ ಎಂದು ಸ್ವಂತ ಓಣಿಯ ಅಣ್ಣ ಹೇಳಿದ ಮಾತಿಗೆ ಹುಡುಗರು ಬೇಗ ಕಿವಿಗೊಡುತ್ತಾರೆ.

ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆ, ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಚಂದಾ ಹುಸೇನಿಯವರ ಉರುಸು, ಹಳ್ಳಿಹಳ್ಳಿಯಲ್ಲಿ ಅಲಾಯಿ ಕುಣಿಯ ಮೊಹರಂ. ಈ ಜಿಲ್ಲೆಯ ಹಬ್ಬಗಳಿಗೆ ಹಿಂದೂ ಮುಸ್ಲಿಮರಿಬ್ಬರೂ ವಾರಸುದಾರರು. ಆದರೂ ಪಂಚಾಂಗ ಕೆಲವೊಮ್ಮೆ ಬಂದೋಬಸ್ತನ್ನು ಪರೀಕ್ಷಿಸುತ್ತದೆ. ಚಾಂದ್ರಮಾನದ ಇಸ್ಲಾಮಿ ವರ್ಷ ಪ್ರತಿ ಸಲವೂ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಹಬ್ಬಗಳು ಒಂದರ ಮೇಲೊಂದು ಬರುತ್ತವೆ. 2018, 2019, 2020ರಲ್ಲಿ ಗಣೇಶ ಚತುರ್ಥಿಯೂ ಮೊಹರಮ್ಮೂ ಒಂದೇ ವಾರದಾಚೀಚೆ ಬಂದವು. 2023ರ ಸೆಪ್ಟೆಂಬರ್ 28ರಂದು ಅನಂತ ಚತುರ್ದಶಿಯೂ ಈದ್ ಮಿಲಾದೂ ಒಂದೇ ದಿನ. ಮರು ಎರಡು ವರ್ಷಗಳಲ್ಲೂ ಒಂದು ದಿನದ ಅಂತರ ಅಷ್ಟೇ. ಒಂದೇ ರಸ್ತೆ, ಎರಡು ಮೆರವಣಿಗೆ. ಇಂಥ ವರ್ಷಗಳಲ್ಲಿ ಠಾಣೆಯ ಅಂಗಳದಲ್ಲಿ ನಡೆಯುವ ಶಾಂತಿ ಸಭೆಗೆ ಬಹಳ ಬೆಲೆಯಿದೆ. ಗಣೇಶ ಮಂಡಳಿಯವರು, ಮಸೀದಿ ಕಮಿಟಿಯವರು, ನಗರಸಭೆ ಸದಸ್ಯರು, ವಿದ್ಯುತ್ ಪೂರೈಸುವ ಜೆಸ್ಕಾಂನ ಎಂಜಿನಿಯರ್, ತಹಶೀಲ್ದಾರರು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು ಚಹಾ ಕುಡಿಯುತ್ತ ಮಾತಾಡುತ್ತಾರೆ. ಯಾರ ಮೆರವಣಿಗೆ ಎಷ್ಟು ಗಂಟೆಗೆ, ಯಾವ ದಾರಿ, ಧ್ವನಿವರ್ಧಕ ಎಷ್ಟು ಹೊತ್ತಿನವರೆಗೆ, ಗಣಪನ ಎತ್ತರ ಎಷ್ಟು. ಸಭೆ ಒಣ ಉಪದೇಶದಲ್ಲಿ ಮುಗಿದರೆ ಪ್ರಯೋಜನವಿಲ್ಲ. ಗಂಟೆ, ದಾರಿ, ಹೆಸರು ಕಾಗದದ ಮೇಲೆ ಬಂದರೆ ಅರ್ಧ ಬಂದೋಬಸ್ತು ಅಲ್ಲೇ ಆಯಿತು.

ಗಣಪನ ಎತ್ತರವನ್ನು ಕೇಳುವುದು ಏಕೆ? ಮೇಲೆ ವಿದ್ಯುತ್ ತಂತಿಯಿದೆ. 2022ರ ಏಪ್ರಿಲ್ 27ರ ನಸುಕಿನಲ್ಲಿ ತಮಿಳುನಾಡಿನ ತಂಜಾವೂರಿನ ಬಳಿ ತೇರಿಗೆ ಹೈಟೆನ್ಷನ್ ತಂತಿ ತಗುಲಿ 11 ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಮೆರವಣಿಗೆಯ ದಾರಿಯನ್ನು ಮುಂಚೆಯೇ ಜೆಸ್ಕಾಂನವರಿಗೆ ತಿಳಿಸಿ, ತೇರು ಬರುವ ಹೊತ್ತಿಗೆ ವಿದ್ಯುತ್ ಕಡಿತ ಮಾಡಿಸುವುದು ಒಂದು ಫೋನಿನ ಕೆಲಸ. ಆ ಫೋನು ಯಾರು ಮಾಡಬೇಕೆಂಬುದು ಹಿಂದಿನ ದಿನವೇ ನಿಶ್ಚಯವಾಗಿರಬೇಕು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 2025ರ ಜೂನ್ 4ರಂದು ಕ್ರಿಕೆಟ್ ವಿಜಯೋತ್ಸವದ ನೂಕಿನಲ್ಲಿ 11 ಜನ ಪ್ರಾಣ ಬಿಟ್ಟ ಮೇಲೆ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣಕ್ಕೆ ಪ್ರತ್ಯೇಕ ಕಾನೂನಿನ ಕರಡು ರೂಪಿಸಿತು. ಅದರಲ್ಲಿ ಜಾತ್ರೆ, ರಥೋತ್ಸವ, ಪಲ್ಲಕ್ಕಿ ಉತ್ಸವ, ಉರುಸುಗಳಿಗೆ ವಿನಾಯಿತಿ ಕೊಡಲಾಗಿತ್ತು. ಧಾರ್ಮಿಕ ಆಚರಣೆಗೆ ಪರವಾನಗಿಯ ಗೋಜು ಬೇಡವೆಂಬ ಕಾಳಜಿ ಸರಿಯೇ. ಆದರೆ ಯಾದಗಿರಿಯಂಥ ಜಿಲ್ಲೆಯಲ್ಲಿ ಜನ ಸಾವಿರಗಟ್ಟಲೆ ಸೇರುವುದೇ ಜಾತ್ರೆ ಉರುಸುಗಳಲ್ಲಿ. ಇಲ್ಲಿ ಕ್ರೀಡಾಂಗಣದ ವಿಜಯೋತ್ಸವಗಳಿಲ್ಲ. ಕಾನೂನು ಬಿಟ್ಟ ಜಾಗವನ್ನು ಸ್ಥಳೀಯ ತಯಾರಿಯೇ ತುಂಬಬೇಕಾಗುತ್ತದೆ.

ಹಬ್ಬವಲ್ಲದ ದಿನ ಪೊಲೀಸರು ಜನರಿಗೆ ಅಡ್ಡ ನಿಲ್ಲಬೇಕಾದ ಇನ್ನೊಂದು ಸಂದರ್ಭ ಮಳೆಗಾಲದಲ್ಲಿ ಬರುತ್ತದೆ. ನಾರಾಯಣಪುರದ ಬಸವಸಾಗರ ಜಲಾಶಯದ ಸಾಮರ್ಥ್ಯ ಸುಮಾರು 33 ಟಿಎಂಸಿ ಅಡಿ. ಮೇಲಿನ ಆಲಮಟ್ಟಿಯಿಂದ ನೀರು ಬಂದಂತೆಲ್ಲ ಕೆಳಗೆ ಬಿಡಲೇಬೇಕು. ಹೊರಹರಿವು ಲಕ್ಷಗಟ್ಟಲೆ ಕ್ಯುಸೆಕ್ ಮುಟ್ಟಿದಾಗ ಶಹಾಪುರದಿಂದ ದೇವದುರ್ಗಕ್ಕೆ ಹೋಗುವ ದಾರಿಯ ಕೊಳ್ಳೂರು (ಎಂ) ಸೇತುವೆ ಮುಳುಗುತ್ತದೆ. ಅತ್ತ ಮದುವೆ, ಇತ್ತ ಆಸ್ಪತ್ರೆ, ಎಲ್ಲರಿಗೂ ಅವಸರ. ಸುತ್ತು ದಾರಿ ಬಹು ದೂರ. ಬ್ಯಾರಿಕೇಡಿನ ಎದುರು ನಿಂತು ‘ಮೊಳಕಾಲುದ್ದ ನೀರು ಅಷ್ಟೇ, ಬಿಡ್ರಿ’ ಎನ್ನುವವರನ್ನು ತಡೆಯಬೇಕು. ಮಂದವಾಗಿ ಕಾಣುವ ಕೆಂಪು ನೀರಿನ ಸೆಳೆತ ದಂಡೆಯ ಮೇಲಿನವರಿಗೆ ತಿಳಿಯುವುದಿಲ್ಲ. 2019ರ ಆಗಸ್ಟ್ ಪ್ರವಾಹದಲ್ಲಿ ದೇವದುರ್ಗ ತಾಲ್ಲೂಕಿನ ಮುಳುಗಿದ ಸೇತುವೆಯ ಮೇಲೆ ಬಾಲಕನೊಬ್ಬ ಆಂಬುಲೆನ್ಸಿನ ಮುಂದೆ ಓಡುತ್ತ ದಾರಿ ತೋರಿಸಿದ ದೃಶ್ಯವನ್ನು ದೇಶವೇ ನೋಡಿತು. ಆ ಹುಡುಗನ ಧೈರ್ಯಕ್ಕೆ ಪ್ರಶಸ್ತಿ ಬಂದದ್ದು ನ್ಯಾಯವೇ. ಆದರೆ ಅಂಥ ಧೈರ್ಯ ಒಂದು ಮಗುವಿಗೆ ಬೇಕಾಗಿ ಬಂದ ದಿನ, ಸೇತುವೆಯ ಎರಡೂ ತುದಿಯಲ್ಲಿ ನೀರಾವರಿ, ಕಂದಾಯ, ಪೊಲೀಸ್ ಮೂವರೂ ಇರಬೇಕಿತ್ತು ಎಂಬುದು ನೆನಪಿರಲಿ. ಜಲಾಶಯದ ಗೇಟು ಎತ್ತುವ ಸುದ್ದಿ ಠಾಣೆಗೆ ನೀರಿಗಿಂತ ಮೊದಲು ತಲುಪಬೇಕು. ತಲುಪಿದರೆ ಡಂಗುರ ಸಾರಲು, ದನಕರು ಬಿಚ್ಚಲು, ಬ್ಯಾರಿಕೇಡ್ ಹಾಕಲು ಹೊತ್ತು ಸಿಗುತ್ತದೆ.

ಇಷ್ಟೆಲ್ಲ ಬೇಡುವ ನಾವು ಆ ಪೊಲೀಸರಿಗೆ ಏನು ಕೊಟ್ಟಿದ್ದೇವೆ? ರಾಜ್ಯದ ಕಾನ್‌ಸ್ಟೇಬಲ್‌ಗಳ ತಲೆಯ ಮೇಲೆ ದಶಕಗಳ ಕಾಲ ಒಂದು ಬದಿಗೆ ಮಡಿಸಿದ ಸ್ಲೋಚ್ ಹ್ಯಾಟ್ ಇತ್ತು. ಗುಂಪಿನಲ್ಲಿ ಬಗ್ಗಿದರೆ, ಓಡಿದರೆ ಬೀಳುವ ಟೋಪಿ. ಒಂದು ಕೈ ಟೋಪಿಗೆ, ಇನ್ನೊಂದು ಕೈ ಜನರಿಗೆ. 2025ರ ಅಕ್ಟೋಬರ್ 28ರಂದು ಅದರ ಬದಲು ಕಡುನೀಲಿ ಪೀಕ್ ಕ್ಯಾಪ್ ಬಂತು. ಸಣ್ಣ ಬದಲಾವಣೆ, ತಡವಾಗಿ ಬಂದದ್ದು, ಆದರೂ ಬಂತು. ಜಾತ್ರೆ ಬಂದೋಬಸ್ತಿನಲ್ಲಿ ಮಹಿಳಾ ಸಿಬ್ಬಂದಿಗೆ ಶೌಚಾಲಯದ ವ್ಯವಸ್ಥೆ ಇನ್ನೂ ಎಷ್ಟೋ ಕಡೆ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಹನ್ನೆರಡು ತಾಸು ನಿಲ್ಲಬೇಕೆಂದು ಬೆಳಿಗ್ಗೆಯಿಂದ ನೀರು ಕುಡಿಯದೆ ಬರುವ ಹೆಣ್ಣುಮಕ್ಕಳು ಆ ಸಾಲಿನಲ್ಲಿದ್ದಾರೆ. ಪೊಲೀಸರಿಗೆ ದಾಸೋಹದಲ್ಲಿ ಊಟ ಹಾಕಿಸುವ ಊರಿನ ಹಿರಿಯರು ಸಂಚಾರಿ ಶೌಚಾಲಯವೊಂದನ್ನು ನಗರಸಭೆಯಿಂದ ತರಿಸಿ ಸರಿಯಾದ ಜಾಗದಲ್ಲಿ ನಿಲ್ಲಿಸಿದರೆ ಭಕ್ತೆಯರಿಗೂ ಅನುಕೂಲ, ಕಾಯುವವರಿಗೂ ಅನುಕೂಲ.

ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಅಲ್ಲಿಯವರೆಗೆ ಎಲ್ಲದಕ್ಕೂ ಗುಲಬರ್ಗಾದ ಕಡೆ ನೋಡಬೇಕಿತ್ತು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 11 ಲಕ್ಷ 74 ಸಾವಿರ. ಆಮೇಲೆ ವಾಹನ ಹೆಚ್ಚಿದವು, ಕೆಎ 33 ಎಂಬ ಫಲಕ ಹಳ್ಳಿಯ ಬಾಗಿಲಿಗೂ ಬಂತು, ಹಿಂದೆ ಬಂಡಿಯಲ್ಲಿ ಬರುತ್ತಿದ್ದ ಭಕ್ತರು ಕ್ರೂಸರಿನಲ್ಲಿ ಬರತೊಡಗಿದರು. ಬಂಡಿ ನಿಲ್ಲಿಸಲು ಬೇವಿನ ಮರದ ನೆರಳು ಸಾಕಿತ್ತು. ಕ್ರೂಸರಿಗೆ ಹೊಲವೇ ಬೇಕು. ಜಾತ್ರೆಯ ಊರಿನ ಹೊರಗೆ ಕಟಾವಾದ ಹೊಲವನ್ನು ರೈತರಿಂದ ಕೇಳಿ ಪಡೆದು, ದಾರಿಗೆ ಮೊರಂ ಹಾಕಿಸಿ, ಅಲ್ಲಿಂದ ಗುಡಿಯವರೆಗೆ ನಡೆಯುವ ದಾರಿಗೆ ಬಲ್ಬು ಕಟ್ಟಿಸುವುದು ಈಗಿನ ಬಂದೋಬಸ್ತಿನ ಬಹುಮುಖ್ಯ ಭಾಗ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಮನಸ್ಸು ಮಾಡಿದರೆ ಆಗುವ ಕೆಲಸವಿದು. ಅದು ಆಗದಿದ್ದರೆ ಎಷ್ಟು ಪೊಲೀಸರು ಬಂದರೂ ಆಂಬುಲೆನ್ಸು ಊರ ಹೊರಗೇ ನಿಲ್ಲುತ್ತದೆ. ಸಾರಿಗೆ ನಿಗಮದ ವಿಶೇಷ ಬಸ್ಸುಗಳು ಜನರನ್ನು ಎಲ್ಲಿ ಇಳಿಸುತ್ತವೆ, ಎಲ್ಲಿ ಹತ್ತಿಸಿಕೊಳ್ಳುತ್ತವೆ ಎಂಬುದನ್ನೂ ಅದೇ ನಕ್ಷೆಯಲ್ಲಿ ಗುರುತಿಸಿರಬೇಕು. ಮಗು ತಪ್ಪಿಸಿಕೊಂಡರೆ ಯಾವ ಪೆಂಡಾಲಿಗೆ ಬರಬೇಕು ಎಂದು ಮೈಕಿನಲ್ಲಿ ಕನ್ನಡ, ತೆಲುಗು, ಮರಾಠಿ ಮೂರರಲ್ಲೂ ಹೇಳುತ್ತಿರಬೇಕು. ತುರ್ತಿಗೆ 112 ಒತ್ತಿದರೆ ವಾಹನ ಬರುತ್ತದೆ ನಿಜ, ಆದರೆ ಆ ಜನಜಂಗುಳಿಯಲ್ಲಿ ಅಜ್ಜಿಯ ಕೈಗೆ ಸಿಗುವುದು ಹತ್ತಿರದ ಖಾಕಿಯ ತೋಳು.

ಮೈಲಾಪುರದಲ್ಲಿ ರಾತ್ರಿಯಾಗುತ್ತದೆ. ಪಲ್ಲಕ್ಕಿ ಗುಡಿ ಸೇರಿದೆ, ಸರಪಳಿ ಹರಿಯುವ ಆಚರಣೆಯೂ ಮುಗಿದಿದೆ. ಮಿಠಾಯಿ ಅಂಗಡಿಯವರು ಒಲೆ ಆರಿಸುತ್ತಿದ್ದಾರೆ. ಪೌರಕಾರ್ಮಿಕರ ಟ್ರ್ಯಾಕ್ಟರ್ ತೆಂಗಿನ ಚಿಪ್ಪು, ಹರಿದ ಚೀಲ, ಒಂಟಿ ಚಪ್ಪಲಿ ತುಂಬಿಕೊಂಡು ಮೆಲ್ಲಗೆ ಹೊರಟಿದೆ. ಇನ್ನೊಂದು ಟ್ರ್ಯಾಕ್ಟರಿಗೆ ಬ್ಯಾರಿಕೇಡುಗಳನ್ನು ಹೇರುವ ಸದ್ದು ಕೇಳುತ್ತದೆ. ಚೆಕ್‌ಪೋಸ್ಟಿನ ಕೊಟ್ಟಿಗೆಯಲ್ಲಿ ಉಳಿದ ಮರಿಗಳಿಗೆ ಪಶು ಇಲಾಖೆಯ ನೌಕರ ಮೇವು ಹಾಕುತ್ತಾನೆ, ಹೋಂಗಾರ್ಡ್ ಬಕೆಟ್ಟಿನಲ್ಲಿ ನೀರು ತರುತ್ತಾನೆ. ಬೆಳಗಿನಿಂದ ಬೆನ್ನು ಮಾಡಿ ನಿಂತಿದ್ದ ಕಾನ್‌ಸ್ಟೇಬಲ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಭುಜದ ಮೇಲಿನ ಭಂಡಾರ ಕೊಡವದೆ ಹಾಗೇ ಗುಡಿಯ ಮೆಟ್ಟಿಲು ಹತ್ತತೊಡಗುತ್ತಾನೆ. ಈಗ ಅಲ್ಲಿ ಸರತಿ ಸಾಲಿಲ್ಲ.